ಹದಿನೈದು ರೂಪಾಯಿ ಯಾರ ಜೇಬಿನದು? ಬಳ್ಳಾರಿ ಸೀಮೆಯ ಮೆಡಿಕಲ್ ಅಂಗಡಿ ಮತ್ತು ಸರಪಳಿ ವ್ಯಾಪಾರ



ಬಳ್ಳಾರಿಯ ವ್ಯಾಪಾರದ ಬಗ್ಗೆ ಮಾತಾಡುವವರು ಅದಿರಿನಿಂದ ಶುರುಮಾಡಿ ಜೀನ್ಸ್ ಪ್ಯಾಂಟಿನಲ್ಲಿ ಮುಗಿಸುವುದು ರೂಢಿ. ನಡುವೆ ಮೆಣಸಿನಕಾಯಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೆಡಿಕಲ್ ಅಂಗಡಿಯನ್ನು ಯಾರೂ ವ್ಯಾಪಾರದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಆಸ್ಪತ್ರೆಯ ಬಾಲ ಎಂದೇ ನಮ್ಮ ಭಾವನೆ. ಆದರೆ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ನಮ್ಮ ಪೇಟೆಯ ಚಿಲ್ಲರೆ ವ್ಯಾಪಾರದಲ್ಲಿ ನಡೆದ ದೊಡ್ಡ ಪೈಪೋಟಿಗಳಲ್ಲಿ ಇದೂ ಒಂದು. ಸಂಜೆ ರಾಯಲ್ ಸರ್ಕಲ್‌ನಿಂದ ಯಾವ ದಿಕ್ಕಿಗೆ ಹೊರಟರೂ ದೀಪ ಹಚ್ಚಿದ ಔಷಧದ ಫಲಕಗಳು ಕಾಣುತ್ತವೆ. ಕೆಲವು ಊರಿನ ಹೆಸರಿನವು, ಕೆಲವು ದೇಶದ ಎಲ್ಲ ಊರಲ್ಲೂ ಒಂದೇ ಬಣ್ಣದ ಸರಪಳಿ ಅಂಗಡಿಗಳವು. ಎರಡರ ಮೇಲೂ ಶೇಕಡಾ ಇಷ್ಟು ರಿಯಾಯಿತಿ ಎಂಬ ಬರಹ. ನಾನು ಇವತ್ತು ಕೇಳುವ ಪ್ರಶ್ನೆ ಒಂದೇ. ನೂರು ರೂಪಾಯಿಯ ಗುಳಿಗೆಗೆ ಹದಿನೈದು ರೂಪಾಯಿ ಬಿಟ್ಟರೆ, ಆ ಹದಿನೈದು ಯಾರ ಜೇಬಿನಿಂದ ಬಂತು?

ಈ ಸರಕಿಗೆ ಒಂದು ವಿಚಿತ್ರ ಗುಣವಿದೆ. ಕೊಳ್ಳುವವನು ಆರಿಸುವವನಲ್ಲ. ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ಹನ್ನೊಂದನೆಯದನ್ನು ಕೊಳ್ಳಬಹುದು. ಮೆಡಿಕಲ್ ಅಂಗಡಿಯಲ್ಲಿ ಡಾಕ್ಟರು ಚೀಟಿಯಲ್ಲಿ ಬರೆದ ಬ್ರ್ಯಾಂಡೇ ಬೇಕು. ಅಂಗಡಿಯವನಿಗೂ ಬದಲಾಯಿಸುವ ಅಧಿಕಾರವಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮವು, ವೈದ್ಯರ ಚೀಟಿಯ ಮೇಲೆಯೇ ಮಾರಬೇಕಾದ ಔಷಧಗಳ ವಿಷಯದಲ್ಲಿ, ಒಳಗಿನ ಮದ್ದು ಅದೇ ಆಗಿದ್ದರೂ ಬೇರೆ ತಯಾರಿಕೆಯನ್ನು ಕೊಡಬಾರದು ಎನ್ನುತ್ತದೆ. ಬೆಲೆಯೂ ಅಂಗಡಿಯವನ ಕೈಯಲ್ಲಿಲ್ಲ. ಅದು ಗುಳಿಗೆಯ ಸ್ಟ್ರಿಪ್ಪಿನ ಮೇಲೆ ಅಚ್ಚಾಗಿಯೇ ಬರುತ್ತದೆ. ಸರಕೂ ಒಂದೇ, ಬೆಲೆಯೂ ಒಂದೇ ಆದಾಗ ಅಂಗಡಿಗೂ ಅಂಗಡಿಗೂ ನಡುವೆ ಪೈಪೋಟಿ ನಡೆಯುವುದು ಯಾವುದರ ಮೇಲೆ? ರಿಯಾಯಿತಿ ಕಣ್ಣಿಗೆ ಕಾಣುವ ಭಾಗ. ಆಟ ನಡೆಯುವುದು ಗಿರಾಕಿಗೆ ಕಾಣದ ಜಾಗದಲ್ಲಿ, ಅಂದರೆ ಅಂಗಡಿಗಳಿಗೆ ಸರಕು ಹಂಚುವ ಸಗಟು ವ್ಯಾಪಾರಿಯಾದ ಸ್ಟಾಕಿಸ್ಟ್‌ನ ಗೋದಾಮಿನಲ್ಲಿ.

ಲೆಕ್ಕ ಮಾಡೋಣ. ತೆರಿಗೆಯನ್ನು ಸದ್ಯ ಪಕ್ಕಕ್ಕಿಡಿ. ದೇಶದ ಔಷಧಗಳಲ್ಲಿ ಎರಡು ಬಗೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವವು ಒಂದು, ಉಳಿದವು ಇನ್ನೊಂದು. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಪಟ್ಟಿಯಲ್ಲಿಲ್ಲದ ಔಷಧಕ್ಕೆ ವ್ಯಾಪಾರದ ರೂಢಿ ಹೀಗಿದೆ: ಗಿರಾಕಿಗೆ ನೂರು ರೂಪಾಯಿ, ಅಂಗಡಿಗೆ ಬರುವಾಗ ಎಂಬತ್ತು, ಸ್ಟಾಕಿಸ್ಟ್‌ಗೆ ಬರುವಾಗ ಎಪ್ಪತ್ತೆರಡು. ಅಂಗಡಿಗೆ ಇಪ್ಪತ್ತು, ಸ್ಟಾಕಿಸ್ಟ್‌ಗೆ ಎಂಟು ಉಳಿಯುತ್ತದೆ. ಇದರಲ್ಲಿ ಹದಿನೈದು ಬಿಟ್ಟರೆ ನಮ್ಮೂರ ಅಂಗಡಿಗೆ ಉಳಿಯುವುದು ಐದು. ಬಾಡಿಗೆ, ಕರೆಂಟು, ಹುಡುಗರ ಸಂಬಳ, ಫ್ರಿಜ್ಜು, ಎಕ್ಸ್‌ಪೈರಿ ಆಗಿ ವಾಪಸು ಹೋಗದೆ ಉಳಿದ ಸರಕು, ಎಲ್ಲವೂ ಆ ಐದರಲ್ಲೇ ಆಗಬೇಕು.

ಪಟ್ಟಿಯಲ್ಲಿರುವ ಔಷಧದ ಲೆಕ್ಕ ಇನ್ನೂ ಬಿಗಿ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಅಂಗಡಿಯ ಲಾಭಾಂಶವೆಂದರೆ ಅಂಗಡಿಗೆ ಬರುವ ಬೆಲೆಯ ಮೇಲೆ ಶೇಕಡಾ 16. ನೂರಕ್ಕೆ ಬಂದದ್ದು 116ಕ್ಕೆ ಮಾರಾಟ. ಈ 116ರ ಮೇಲೆ ಶೇಕಡಾ 15 ಬಿಟ್ಟು ನೋಡಿ: 17 ರೂಪಾಯಿ 40 ಪೈಸೆ ಹೋಯಿತು, ಕೈಗೆ ಬಂದದ್ದು 98 ರೂಪಾಯಿ 60 ಪೈಸೆ. ಕೊಂಡದ್ದು ನೂರಕ್ಕೆ! ಬಿಪಿಯ, ಸಕ್ಕರೆ ಕಾಯಿಲೆಯ ಎಷ್ಟೋ ಸಾಮಾನ್ಯ ಗುಳಿಗೆಗಳು ಈ ಪಟ್ಟಿಯಲ್ಲೇ ಇವೆ. ಅವುಗಳ ಮೇಲೆ ಎಲ್ಲರಂತೆ ಹದಿನೈದು ಬಿಡುವ ಚಿಕ್ಕ ಅಂಗಡಿ ತನ್ನ ಬಂಡವಾಳವನ್ನೇ ಪುಡಿ ಪುಡಿಯಾಗಿ ಮಾರುತ್ತಿದೆ. ವರ್ಷದ ಕೊನೆಗೆ ಲೆಕ್ಕ ಕೂಡಿಸುವಾಗ ಮಾತ್ರ ಅದು ಗೊತ್ತಾಗುತ್ತದೆ. ಕೆಲವರಿಗೆ ಆಗಲೂ ಗೊತ್ತಾಗುವುದಿಲ್ಲ, ಗಲ್ಲಾಪೆಟ್ಟಿಗೆಯಲ್ಲಿ ದಿನವೂ ದುಡ್ಡು ಓಡಾಡುತ್ತಿರುತ್ತದಲ್ಲ.

ಅದೇ ಗುಳಿಗೆಯನ್ನು ಸರಪಳಿ ಅಂಗಡಿ ಸ್ಟಾಕಿಸ್ಟ್‌ನ ಬೆಲೆಗೇ, ಸುಮಾರು 92ಕ್ಕೆ, ತರಿಸುತ್ತದೆ. ಯಾಕೆಂದರೆ ಸ್ಟಾಕಿಸ್ಟ್ ಕೂಡ ಅದೇ. ಸಗಟು ಲೈಸೆನ್ಸು, ಗೋದಾಮು, ಲಾರಿ ಎಲ್ಲವೂ ಅದರದೇ. ಅದೇ ರಿಯಾಯಿತಿ ಕೊಟ್ಟ ಮೇಲೂ ಅದಕ್ಕೆ ಆರೂವರೆ ರೂಪಾಯಿ ಉಳಿಯುತ್ತದೆ. ಹಾಗಾಗಿ ನಾನು ಮೊದಲೇ ಕೇಳಿದ ಹದಿನೈದು ರೂಪಾಯಿಗೆ ಎರಡು ಬೇರೆ ಉತ್ತರಗಳಿವೆ. ಒಂದು ಅಂಗಡಿಯಲ್ಲಿ ಅದು ಮಾಲೀಕನ ಮನೆಯ ದುಡ್ಡು, ಇನ್ನೊಂದರಲ್ಲಿ ಅದರ ಸುಮಾರು ಅರ್ಧ ಮಧ್ಯವರ್ತಿಯಿಂದ ಉಳಿಸಿದ ದುಡ್ಡು. ಫಲಕದ ಮೇಲೆ ಎರಡೂ ಒಂದೇ ಅಂಕಿ.

ಈ ಗೋದಾಮಿನ ಮಹತ್ವವನ್ನು ದೊಡ್ಡವರು ಎಷ್ಟು ಚೆನ್ನಾಗಿ ಬಲ್ಲರು ಎನ್ನುವುದಕ್ಕೆ ಒಂದು ಸಾಕ್ಷಿ. 1987ರಲ್ಲಿ ಶುರುವಾದ ಅಪೋಲೊ ಫಾರ್ಮಸಿಗೆ ಇವತ್ತು 6 ಸಾವಿರಕ್ಕೂ ಹೆಚ್ಚು ಮಳಿಗೆಗಳಿವೆ. 2024ರ ಏಪ್ರಿಲ್‌ನಲ್ಲಿ ಅಪೋಲೊ ತನ್ನ ಔಷಧ ಮತ್ತು ಆನ್‌ಲೈನ್ ವ್ಯವಹಾರದ ಕಂಪನಿಗೆ ಕೀಮೆಡ್ ಎಂಬ ಸಗಟು ವಿತರಣಾ ಸಂಸ್ಥೆಯನ್ನು ಸೇರಿಸಿಕೊಳ್ಳುವ ಯೋಜನೆ ಪ್ರಕಟಿಸಿತು. ಅಡ್ವೆಂಟ್ ಎಂಬ ಹೂಡಿಕೆ ಸಂಸ್ಥೆ 2,475 ಕೋಟಿ ರೂಪಾಯಿ ಹಾಕಲು ಒಪ್ಪಿತು. ಮುಂದಿನ ಫಲಕಕ್ಕಿಂತ ಹಿಂದಿನ ಗೋದಾಮು ಗಟ್ಟಿಯಾಗಬೇಕೆಂಬ ತಿಳಿವಳಿಕೆ ಅದು. ಮೆಡ್‌ಪ್ಲಸ್‌ನ ದಾರಿ ಸ್ವಲ್ಪ ಬೇರೆ. ವೈದ್ಯ ಪದವಿಯ ಮೇಲೆ ಅಮೆರಿಕದ ವಾರ್ಟನ್‌ನಲ್ಲಿ ಆಡಳಿತಶಾಸ್ತ್ರ ಓದಿದ ಗಂಗಡಿ ಮಧುಕರ ರೆಡ್ಡಿ 2006ರಲ್ಲಿ ಅದನ್ನು ಹೈದರಾಬಾದಿನಲ್ಲಿ ಶುರುಮಾಡಿದರು. ಒಂದು ನಗರ ಹಿಡಿದರೆ ಅಲ್ಲಿ ಒತ್ತೊತ್ತಾಗಿ ಅಂಗಡಿ ತೆರೆಯುವುದು, ಹತ್ತಿರದ ಒಂದೇ ಗೋದಾಮಿನಿಂದ ಎಲ್ಲಕ್ಕೂ ಸರಕು ಹಂಚುವುದು ಅದರ ಕ್ರಮ. ಒಂದು ಮಳಿಗೆಯಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತದೆ. ಚೀಟಿ ಹಿಡಿದು ಬಂದವನು ಬರಿಗೈಯಲ್ಲಿ ಹೋಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಷೇರಿಗೆ 796 ರೂಪಾಯಿಯಂತೆ 1,398 ಕೋಟಿಯ ಷೇರು ನೀಡಿಕೆಯೊಂದಿಗೆ ಅದು ಪೇಟೆಗೆ ಬಂತು. 2023ರಿಂದ ತನ್ನದೇ ಹೆಸರಿನ ಗುಳಿಗೆಗಳನ್ನು ಪ್ರಸಿದ್ಧ ಬ್ರ್ಯಾಂಡಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರುತ್ತಿದೆ. ಆ ಗುಳಿಗೆಯಲ್ಲಿ ಬ್ರ್ಯಾಂಡ್ ಕಂಪನಿಯ ಪ್ರಚಾರದ ಖರ್ಚಿಲ್ಲ, ಮೆಡಿಕಲ್ ರೆಪ್‌ನ ಬೈಕಿನ ಪೆಟ್ರೋಲಿಲ್ಲ. ಗಿರಾಕಿಗೆ ಅರ್ಧ ಬೆಲೆ, ಅಂಗಡಿಗೆ ಬ್ರ್ಯಾಂಡಿನ ಗುಳಿಗೆಗಿಂತ ಹೆಚ್ಚು ಲಾಭ.

ಸರಪಳಿಗಳಿಗೆ ಬೇಕಾದ ಗಿರಾಕಿ ಯಾರು? ಜ್ವರ, ನೆಗಡಿ, ಭೇದಿಯವನಲ್ಲ. ಅವನು ಎಲ್ಲಿ ಹತ್ತಿರವೋ ಅಲ್ಲಿಗೆ ಓಡುತ್ತಾನೆ, ಬೆಲೆ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಬಿಪಿ, ಸಕ್ಕರೆ, ಥೈರಾಯ್ಡಿನ ಗಿರಾಕಿ ಹಾಗಲ್ಲ. ತಿಂಗಳಿಗೊಮ್ಮೆ, ಬದುಕಿರುವಷ್ಟು ಕಾಲ ಬರುತ್ತಾನೆ. ತನ್ನ ಗುಳಿಗೆಯ ಹೆಸರು ಬಲ್ಲ, ಬೆಲೆ ಬಲ್ಲ, ಹಿಂದಿನ ತಿಂಗಳ ಬಿಲ್ಲು ಇಟ್ಟುಕೊಂಡಿರುತ್ತಾನೆ. ಇಡೀ ವ್ಯಾಪಾರದಲ್ಲಿ ಅಂಗಡಿಯನ್ನಾದರೂ ಆರಿಸಬಲ್ಲ ಗಿರಾಕಿಯೆಂದರೆ ಇವನೊಬ್ಬನೇ. ಬಳ್ಳಾರಿ ನಗರದಲ್ಲಿ ಪೈಪೋಟಿ ನಡೆದಿರುವುದು ಇವನಿಗಾಗಿ. ಗಾಂಧಿನಗರ, ಸತ್ಯನಾರಾಯಣಪೇಟೆ, ಪಾರ್ವತಿನಗರದ ಕಡೆಯ ಪಿಂಚಣಿದಾರರು, ಬ್ಯಾಂಕಿನವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿಬರುವ ನೌಕರರ ಮನೆಯವರು, ಇವರ ಸಂಬಳ ತಿಂಗಳಿಗೆ, ಗುಳಿಗೆಯೂ ತಿಂಗಳಿಗೆ. ಫೋನ್ ನಂಬರ್ ಬರೆದುಕೊಂಡು ಮೂವತ್ತನೇ ದಿನ ಸಂದೇಶ ಕಳಿಸುವ ವ್ಯವಸ್ಥೆ ಇವರಿಗೆಂದೇ ಹುಟ್ಟಿದ್ದು.

ಈಗ ನಮ್ಮ ವ್ಯಾಪಾರಿ ಬಂಧುಗಳಿಗೆ ರುಚಿಸದ ಒಂದು ಮಾತು ಹೇಳಬೇಕಿದೆ. ಚಿಕ್ಕ ಅಂಗಡಿಗಳನ್ನು ಸರಪಳಿಗಳಿಂದ ಕಾಪಾಡಲು ಅಂಗಡಿಯವರ ಸಂಘಗಳು ದಶಕಗಳ ಕಾಲ ಒಂದು ಗೋಡೆ ಕಟ್ಟಿಕೊಂಡಿದ್ದವು. ಅಖಿಲ ಭಾರತ ಔಷಧ ವ್ಯಾಪಾರಿಗಳ ಸಂಘಟನೆ 1975ರಷ್ಟು ಹಳೆಯದು. ಅದರ ಕೆಳಗೆ ರಾಜ್ಯ, ಜಿಲ್ಲೆಯ ಸಂಘಗಳು. ಒಂದು ಕಂಪನಿ ಹೊಸ ಸ್ಟಾಕಿಸ್ಟ್‌ನನ್ನು ನೇಮಿಸಬೇಕಾದರೆ ಸಂಘದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲವೆಂಬ ಪತ್ರ ಬೇಕು ಎಂಬುದು ರೂಢಿಯಾಯಿತು. ಹೊಸ ಗುಳಿಗೆ ಪೇಟೆಗೆ ಬಿಡಲೂ ಸಂಘದ ಪ್ರಕಟಣೆಗೆ ಹಣ ಕಟ್ಟಬೇಕು. ಲಾಭಾಂಶ ಇಷ್ಟೇ ಇರಬೇಕು ಎಂಬ ಒಪ್ಪಂದವೂ ಆಯಿತು. ಕಾನೂನಿನಲ್ಲಿ ಇದ್ಯಾವುದಕ್ಕೂ ಜಾಗವಿರಲಿಲ್ಲ.

2002ರ ಸ್ಪರ್ಧಾ ಕಾಯ್ದೆ ಜಾರಿಯಾದ ಮೇಲೆ ಇದು ಒಂದೊಂದಾಗಿ ಸ್ಪರ್ಧಾ ಆಯೋಗದ ಮುಂದೆ ಬಂತು. 2012ರಲ್ಲಿ ಗೋವಾದ ಸಂಘದ ವಿರುದ್ಧ ಆದೇಶವಾಯಿತು. 2013ರಲ್ಲಿ ಅಖಿಲ ಭಾರತ ಸಂಘಟನೆಗೇ 47 ಲಕ್ಷ ರೂಪಾಯಿ ಮೀರಿದ ದಂಡ ಬಿತ್ತು. ನಮ್ಮ ರಾಜ್ಯದ ಪ್ರಕರಣ 2016ರದು. ಬೆಂಗಳೂರಿನ ಮಾರುತಿ ಅಂಡ್ ಕಂಪನಿ ಎಂಬ ಸ್ಟಾಕಿಸ್ಟ್ ಸಂಸ್ಥೆ, ಸಂಘದ ಎನ್‌ಒಸಿ ಇಲ್ಲವೆಂಬ ಕಾರಣಕ್ಕೆ ತನಗೆ ಸರಕು ಸಿಗುತ್ತಿಲ್ಲ ಎಂದು ದೂರು ಕೊಟ್ಟಿತ್ತು. ಆಯೋಗ ಕರ್ನಾಟಕ ಔಷಧ ವ್ಯಾಪಾರಿಗಳ ಸಂಘಕ್ಕೂ ಲುಪಿನ್ ಕಂಪನಿಗೂ ದಂಡ ಹಾಕಿತು. ಕಂಪನಿಯ ಪಾಲು ಸುಮಾರು 73 ಕೋಟಿ. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ ಎನ್ನುವುದು ಬೇರೆ ಮಾತು. ಎನ್‌ಒಸಿ ಪದ್ಧತಿ ತಪ್ಪು ಎಂಬ ನಿಲುವು ಮಾತ್ರ ಗಟ್ಟಿಯಾಯಿತು.

ಈ ಗೋಡೆಯಿಂದ ಲಾಭವಾದದ್ದು ಯಾರಿಗೆ? ನನ್ನ ತಿಳಿವಳಿಕೆಯಲ್ಲಿ ಚಿಲ್ಲರೆ ಅಂಗಡಿಗಂತೂ ಅಲ್ಲ. ಒಂದು ಕಂಪನಿಗೆ ಜಿಲ್ಲೆಯಲ್ಲಿ ಒಬ್ಬನೋ ಇಬ್ಬರೋ ಸ್ಟಾಕಿಸ್ಟ್‌ಗಳಾದರೆ ಅವರ ನಡುವೆ ಪೈಪೋಟಿ ಇರುವುದಿಲ್ಲ. ಹತ್ತಕ್ಕೆ ಒಂದು ಉಚಿತ ಎಂಬಂಥ ಸ್ಕೀಮು ಕಂಪನಿಯಿಂದ ಬಂದರೂ ಕುರುಗೋಡಿನಂಥ ಚಿಕ್ಕ ಊರಿನ ಅಂಗಡಿಗೆ ಅದು ತಲುಪುತ್ತದೆಯೇ ಎನ್ನುವುದು ಸ್ಟಾಕಿಸ್ಟ್‌ನ ಮರ್ಜಿಗೆ ಬಿಟ್ಟದ್ದು. ಎಕ್ಸ್‌ಪೈರಿ ವಾಪಸು ತೆಗೆದುಕೊಳ್ಳುವುದೂ ಅಷ್ಟೇ. ಗೋಡೆಯೊಳಗಿದ್ದವರು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಲೇ ಹೋದರು. ಸರಪಳಿಗಳೋ, ಗೋಡೆ ಹತ್ತುವ ಗೋಜಿಗೇ ಹೋಗದೆ ತಮ್ಮದೇ ಸಗಟು ಲೈಸೆನ್ಸು ತೆಗೆದುಕೊಂಡು ಆಚೆಯಿಂದ ಬಂದವು. ಸಂಘ ತಡೆದದ್ದು ಇನ್ನೊಬ್ಬ ಚಿಕ್ಕ ಸ್ಟಾಕಿಸ್ಟ್‌ನನ್ನು, ದೊಡ್ಡವರನ್ನಲ್ಲ. 2015, 2017, 2018ರಲ್ಲಿ ಆನ್‌ಲೈನ್ ಮಾರಾಟದ ವಿರುದ್ಧ ದೇಶವ್ಯಾಪಿ ಬಂದ್ ಆದಾಗ ನಮ್ಮಲ್ಲೂ ಬಾಗಿಲು ಹಾಕಿದವರಿದ್ದರು. 2018ರ ಆಗಸ್ಟ್‌ನಲ್ಲಿ ಬಂದ ಇ-ಫಾರ್ಮಸಿ ಕರಡು ನಿಯಮ ಕರಡಾಗಿಯೇ ಉಳಿಯಿತು, ಹೀಗಾಗಿ ಬಂದ್ ಗೆದ್ದಿತೆಂದು ಕೆಲವರು ಹೇಳುತ್ತಾರೆ. ನಿಯಮ ಬರಲಿಲ್ಲ ನಿಜ, ಮಾರಾಟ ನಿಂತಿತೇ? ಆನ್‌ಲೈನ್ ಔಷಧ ಕಂಪನಿಗಳಾದ 1ಎಂಜಿಯನ್ನು ಟಾಟಾ ಗುಂಪು, ನೆಟ್‌ಮೆಡ್ಸನ್ನು ರಿಲಯನ್ಸ್ ಕೊಂಡದ್ದು ಆ ಕರಡು ಬಂದ ಮೇಲೆಯೇ, ನಿಯಮವಿಲ್ಲದ ಬಯಲಿನಲ್ಲೇ.

ಬಳ್ಳಾರಿ ನಗರದಲ್ಲಿ ಇನ್ನೊಂದು ಪೈಪೋಟಿಯಿದೆ, ಅದರಲ್ಲಿ ಸರಪಳಿಯೂ ಸೋಲುತ್ತದೆ. ನರ್ಸಿಂಗ್ ಹೋಮಿನ ಒಳಗಿನ ಮೆಡಿಕಲ್ ಅದು. ಚೀಟಿ ಬರೆದ ಕೋಣೆಯಿಂದ ಹತ್ತು ಹೆಜ್ಜೆಯಲ್ಲಿ ಅಂಗಡಿ. ಚೀಟಿಯಲ್ಲಿರುವ ಬ್ರ್ಯಾಂಡು ಅಲ್ಲೇ ಸಿಗುತ್ತದೆ, ಎಷ್ಟೋ ಸಲ ಅಲ್ಲಿ ಮಾತ್ರ ಸಿಗುತ್ತದೆ. ನಮ್ಮ ಪೇಟೆಯವರು ಪ್ರೊಪಗಾಂಡಾ ಕಂಪನಿ ಎಂದು ಕರೆಯುವ ಚಿಕ್ಕ ಕಂಪನಿಗಳ ಮಾಲಿಗೆ ಹೊರಗೆ ಗಿರಾಕಿಯಿಲ್ಲ. ಅಂಥ ಚೀಟಿ ಹಿಡಿದು ಸರಪಳಿ ಅಂಗಡಿಗೆ ಹೋದರೆ ಕಂಪ್ಯೂಟರು 'ಇಲ್ಲ' ಎನ್ನುತ್ತದೆ. ಒಳಗಿನ ಅಂಗಡಿಯಲ್ಲೇ ಕೊಳ್ಳಬೇಕೆಂದು ಆಸ್ಪತ್ರೆಗಳು ಒತ್ತಾಯಿಸುತ್ತವೆ ಎಂಬ ದೂರಿನ ಮೇಲೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಾನೇ ನಿರ್ಬಂಧ ಹಾಕಲು ಒಪ್ಪದೆ, ನೀತಿ ರೂಪಿಸುವುದನ್ನು ರಾಜ್ಯಗಳಿಗೆ ಬಿಟ್ಟಿತು. ಶಸ್ತ್ರಚಿಕಿತ್ಸೆಗೆ ಮಲಗಿದವನ ಮನೆಯವರು ರಾತ್ರಿ ಹೊತ್ತು ಎರಡು ಅಂಗಡಿಯಲ್ಲಿ ದರ ವಿಚಾರಿಸುತ್ತಾರೆಂದು ಯಾರೂ ನಂಬುವುದಿಲ್ಲ. ಎಷ್ಟು ರಿಯಾಯಿತಿಯ ಫಲಕ ಹಾಕಿದರೂ ಈ ವ್ಯಾಪಾರ ಬೀದಿಗೆ ಬರುವುದಿಲ್ಲ.

ವಿಮ್ಸ್ ಎಂದೇ ನಾವಿನ್ನೂ ಕರೆಯುವ, 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಶುರುವಾದ ದೊಡ್ಡಾಸ್ಪತ್ರೆಯ ಎದುರಿನ ಅಂಗಡಿಗಳದು ಇನ್ನೂ ಬೇರೆ ಲೆಕ್ಕ. ಒಳಗೆ ಔಷಧ ಉಚಿತ. ಒಳಗೆ ಇಲ್ಲದಿದ್ದಾಗ ಹೊರಗೆ ಬರೆಯುತ್ತಾರೆ. ಸರ್ಕಾರಿ ಸರಬರಾಜು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಈ ಅಂಗಡಿಗಳ ವ್ಯಾಪಾರ ಶುರು. ಅಲ್ಲಿಗೆ ಬರುವವರು ನಮ್ಮ ಜಿಲ್ಲೆಯವರಷ್ಟೇ ಅಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ರೋಗಿಗಳು ಆ ಗಡಿಯನ್ನು ಒಪ್ಪಿಕೊಳ್ಳಲೇ ಇಲ್ಲ. ಇವತ್ತಿಗೂ ಆ ಕಡೆಯ ಬಸ್ಸುಗಳಲ್ಲಿ ಬಳ್ಳಾರಿಗೇ ಬರುತ್ತಾರೆ. ಕೌಂಟರಿನ ಹಿಂದೆ ನಿಲ್ಲುವ ಹುಡುಗನಿಗೆ ಕನ್ನಡ, ತೆಲುಗು ಎರಡೂ ಬರಬೇಕು, ಉರ್ದು ಬಂದರೆ ಇನ್ನೂ ಒಳ್ಳೆಯದು.

ಇನ್ನು ಸಿರುಗುಪ್ಪ, ಕುರುಗೋಡಿಗೆ ಬರೋಣ. ಬಳ್ಳಾರಿಯಲ್ಲಿ ನಾಲ್ಕು ಲಕ್ಷ ಮೀರಿದ ಜನ. ಸಿರುಗುಪ್ಪ ಐವತ್ತು ಸಾವಿರದ ಆಸುಪಾಸಿನ ಊರು. ಕುರುಗೋಡು ತಾಲ್ಲೂಕು ಕೇಂದ್ರವಾದದ್ದೇ ಮೊನ್ನೆ ಮೊನ್ನೆ, ಇನ್ನೂ ಚಿಕ್ಕದು. ಎರಡೂ ತುಂಗಭದ್ರೆಯ ಬಲದಂಡೆ ಕಾಲುವೆಯ ನೀರುಣ್ಣುವ ನೆಲ. ಭತ್ತ, ಮೆಣಸಿನಕಾಯಿ. ಇಲ್ಲಿ ದುಡ್ಡು ತಿಂಗಳಿಗೆ ಬರುವುದಿಲ್ಲ, ಬೆಳೆಗೆ ಬರುತ್ತದೆ. ಕಾಯಿಲೆ ಮಾತ್ರ ತಿಂಗಳಿಗೇ ಬರುತ್ತದೆ. ಈ ನಡುವಿನ ಕಾಲವನ್ನು ತುಂಬುವುದೇ ಇಲ್ಲಿನ ಮೆಡಿಕಲ್ ಅಂಗಡಿಯ ಮುಖ್ಯ ಕಸುಬು. ಉದ್ದರಿ ಬರೆದುಕೊಳ್ಳುವುದು, ಸುಗ್ಗಿಗೆ ತೀರಿಸಿಕೊಳ್ಳುವುದು. ಯಾರ ಹೊಲ ಕಾಲುವೆಯ ಮೇಲ್ಭಾಗದಲ್ಲಿದೆ, ಯಾರದು ಕೊನೆಯಲ್ಲಿದೆ, ಯಾರ ಮಗ ಬೆಂಗಳೂರಿಂದ ದುಡ್ಡು ಕಳಿಸುತ್ತಾನೆ ಎಂಬ ಮಾಹಿತಿ ಆ ಅಂಗಡಿಯವನ ತಲೆಯಲ್ಲಿದೆ. ಹೈದರಾಬಾದಿನ, ಚೆನ್ನೈನ ಯಾವ ಕಂಪ್ಯೂಟರಿನಲ್ಲೂ ಅದು ಇಲ್ಲ.

ಸರಪಳಿಯ ಮ್ಯಾನೇಜರನಿಗೆ ಉದ್ದರಿ ಕೊಡುವ ಅಧಿಕಾರವಿರುವುದಿಲ್ಲ. ಬಿಲ್ಲು ಹೊಡೆದ ಕೂಡಲೇ ದುಡ್ಡು ಬರಬೇಕು. ಆದ್ದರಿಂದ ಸಿರುಗುಪ್ಪದಲ್ಲಿ ಅವನು ಮಾರುವ ರಿಯಾಯಿತಿಗೂ ಹಳೆಯ ಅಂಗಡಿಯವನು ಮಾರುವ ಕಾಲಾವಕಾಶಕ್ಕೂ ನೇರ ಹೋಲಿಕೆಯಿಲ್ಲ. ನಾಲ್ಕು ತಿಂಗಳ ಉದ್ದರಿಗೆ ಪಟ್ಟಣದ ಬಡ್ಡಿ ಹಾಕಿ ನೋಡಿದರೆ ರೂಪಾಯಿಗೆ ಹದಿನೈದು ಪೈಸೆಯ ರಿಯಾಯಿತಿಯಲ್ಲಿ ಅರ್ಧವಾದರೂ ಅಲ್ಲಿಗೆ ಸರಿಹೋಗುತ್ತದೆ. ಚಿಕ್ಕ ಊರಿನ ಅಂಗಡಿ ಪೂರ್ತಿ ಎಂಆರ್‌ಪಿಗೆ ಮಾರುವುದನ್ನು ಲೂಟಿ ಎನ್ನುವ ಪಟ್ಟಣದ ಸ್ನೇಹಿತರು ಈ ಬಡ್ಡಿಯನ್ನೂ ಒಮ್ಮೆ ಲೆಕ್ಕ ಹಾಕಲಿ.

ಆದರೆ ಈ ಬಲವೇ ದೌರ್ಬಲ್ಯ ಕೂಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಆಗ ಭತ್ತದ ಬಗ್ಗೆ ಚಿಂತಿಸಿದವರು ರೈತರಷ್ಟೇ ಅಲ್ಲ, ಉದ್ದರಿ ಪುಸ್ತಕ ಇಟ್ಟುಕೊಂಡವರೆಲ್ಲ. ಮುಂದಿನ ವರ್ಷ ಹೊಸ ಗೇಟು ಕೂರಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂದಾಗಲೂ ಅಷ್ಟೇ. ಒಂದು ಬೆಳೆ ತಪ್ಪಿದರೆ ಗೊಬ್ಬರದ ಅಂಗಡಿಯ ಬಾಕಿ ಮೊದಲು ತೀರುತ್ತದೆ, ಮೆಡಿಕಲ್‌ನದು ಕೊನೆಗೆ. ಸ್ಟಾಕಿಸ್ಟ್ ಅಷ್ಟು ದಿನ ಕಾಯುವುದಿಲ್ಲ. ರೈತ ನೀರಿಗೆ ಕಾಯುತ್ತಾನೆ, ಅಂಗಡಿಯವನು ರೈತನಿಗೆ ಕಾಯುತ್ತಾನೆ, ಮೇಲಿನವನು ಮಾತ್ರ ಚೆಕ್ ಬೌನ್ಸ್ ಆದ ದಿನವೇ ಸರಕು ನಿಲ್ಲಿಸುತ್ತಾನೆ.

ದಾಸ್ತಾನಿನ ಕಷ್ಟ ಇದರ ಮೇಲೆ. ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಎಂಬ ಔಷಧದ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅರವತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಗುಳಿಗೆ ಹತ್ತು ರೂಪಾಯಿಗೂ ಕೆಳಗೆ ಸಿಗತೊಡಗಿತು. ರೋಗಿಗೆ ಒಳ್ಳೆಯದೇ ಆಯಿತು. ಆದರೆ ಹಲವಾರು ಕಂಪನಿಗಳು ಏಕಕಾಲಕ್ಕೆ ತಮ್ಮ ತಮ್ಮ ಹೆಸರಿನಲ್ಲಿ ಅದನ್ನು ಬಿಟ್ಟವು, ಒಬ್ಬೊಬ್ಬ ಡಾಕ್ಟರು ಒಂದೊಂದು ಹೆಸರು ಬರೆದರು. ಬಳ್ಳಾರಿಗೆ ಹೋಗಿ ತೋರಿಸಿಕೊಂಡು ಬಂದವನ ಚೀಟಿಯಲ್ಲಿ ಒಂದು, ಆದೋನಿಯಿಂದ ಬಂದವನ ಚೀಟಿಯಲ್ಲಿ ಇನ್ನೊಂದು, ಸಿಂಧನೂರಿನವನದು ಮತ್ತೊಂದು. ಒಂದೇ ಮದ್ದಿನ ಎಂಟು ಹತ್ತು ಹೆಸರು ಇಟ್ಟುಕೊಳ್ಳಲು ಚಿಕ್ಕ ಅಂಗಡಿಗೆ ಬಂಡವಾಳವಿಲ್ಲ, ಹೆಸರು ಬದಲಿಸಲು ಕಾನೂನಿನ ಅವಕಾಶವಿಲ್ಲ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ವೈದ್ಯರು ಔಷಧದ ಮೂಲ ಹೆಸರನ್ನೇ ಬರೆಯಬೇಕೆಂದು ನಿಯಮ ಮಾಡಿ ಅದೇ ತಿಂಗಳಲ್ಲಿ ತಡೆಹಿಡಿಯಿತು. ಗುಣಮಟ್ಟದ ಖಾತರಿಯಿಲ್ಲದೆ ಮೂಲ ಹೆಸರು ಬರೆಯುವುದು ಹೇಗೆ ಎಂಬ ವೈದ್ಯರ ಆಕ್ಷೇಪ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಬಳ್ಳಾರಿಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. 2024ರ ನವೆಂಬರ್‌ನಲ್ಲಿ ಇಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಕೊಡುವ ದ್ರಾವಣದ ಮೇಲೆ ಸಂಶಯ ಬಂತು, ರಾಜ್ಯ ಆ ಪೂರೈಕೆಯ ಬಳಕೆ ತಡೆಯಿತು. ಅದು ಸರ್ಕಾರಿ ಸರಬರಾಜಿನ ಮಾತು, ಚಿಲ್ಲರೆ ಅಂಗಡಿಯದಲ್ಲ. ಆದರೂ ಆ ಸಾವುಗಳಾದ ಮೇಲೆ 'ಅಗ್ಗದ್ದು ಬೇಡ, ಒಳ್ಳೆ ಕಂಪನಿದು ಕೊಡಿ' ಎನ್ನುವವನನ್ನು ನಾನು ಮೂಢ ಎನ್ನಲಾರೆ.

ಅಗ್ಗದ ಬಾಗಿಲು ಇನ್ನೊಂದಿದೆ: ಮೂಲ ಹೆಸರಿನ ಔಷಧ ಮಾರುವ, ಕೇಂದ್ರ ಸರ್ಕಾರದ ಜನೌಷಧಿ. 2008ರಲ್ಲಿ ಶುರುವಾದ ಯೋಜನೆ ಬಹುಕಾಲ ತೆವಳಿ, 2023ರ ನವೆಂಬರ್‌ನಲ್ಲಿ ಹತ್ತು ಸಾವಿರ ಕೇಂದ್ರ ಮುಟ್ಟಿತು. ಕೇಂದ್ರ ನಡೆಸುವವನಿಗೆ ಬೆಲೆಯ ಮೇಲೆ ಶೇಕಡಾ 20. ಆದರೆ ಗುಳಿಗೆಯೇ ಐದು ರೂಪಾಯಿಯದಾದರೆ ಶೇಕಡಾ ಇಪ್ಪತ್ತು ಎಷ್ಟಾಯಿತು? ಆಸ್ಪತ್ರೆಯ ಅಂಗಳ ಬಿಟ್ಟು ಹೊರಗೆ ಇವು ಸೊರಗುವುದು ಇದಕ್ಕೇ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ಒಳಗೆ ಉಚಿತ ಕೊಡುವಾಗ ಬಾಗಿಲಲ್ಲಿ ಮಾರುವುದೇಕೆ ಎಂಬ ವಾದ. ಜುಲೈನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು. ಒಳಗೆ ನಿಜವಾಗಿಯೂ ಎಲ್ಲ ಔಷಧ ಸಿಗುತ್ತಿದ್ದರೆ ಸರ್ಕಾರದ ವಾದ ಸರಿ. ಎದುರಿನ ಅಂಗಡಿ ಸಾಲು ಬೇರೆಯದನ್ನೇ ಹೇಳುತ್ತದೆ.

ಸರಪಳಿಗಳು ಎಲ್ಲವನ್ನೂ ನುಂಗುತ್ತವೆ ಎಂಬ ಭಯವೂ ಅತಿಯಾದದ್ದು. ದೇಶದ ಚಿಲ್ಲರೆ ಔಷಧ ವ್ಯಾಪಾರದಲ್ಲಿ ಅವುಗಳ ಪಾಲು ಹತ್ತರಲ್ಲಿ ಒಂದರ ಆಸುಪಾಸು ಎಂದು ಉದ್ಯಮದ ಅಂದಾಜು. 1997ರಲ್ಲಿ ಚೆನ್ನೈಯಲ್ಲಿ ಹುಟ್ಟಿ, ದಿನಸಿಯ ಜೊತೆ ಔಷಧವನ್ನೂ ರಿಯಾಯಿತಿಗೆ ಮಾರಿದ ಸುಭಿಕ್ಷ, 1,600ರಷ್ಟು ಮಳಿಗೆ ತೆರೆದು 2009ರಲ್ಲಿ ಕೈಯಲ್ಲಿ ಕಾಸಿಲ್ಲದೆ ಮುಚ್ಚಿತು. ಅಮೆರಿಕದ ರೈಟ್ ಏಡ್ 1962ರ ಸಂಸ್ಥೆ. 2023ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿ ಕೊನೆಯ ಅಂಗಡಿಯನ್ನೂ ಮುಚ್ಚಿತು. ಜರ್ಮನಿಯಲ್ಲಂತೂ ಸರಪಳಿಗೆ ಅವಕಾಶವೇ ಇಲ್ಲ. ಔಷಧ ಅಂಗಡಿಯ ಒಡೆಯ ಔಷಧಶಾಸ್ತ್ರ ಓದಿದವನೇ ಆಗಿರಬೇಕು, ಒಬ್ಬನಿಗೆ ಒಂದು ಮುಖ್ಯ ಅಂಗಡಿ, ಹೆಚ್ಚೆಂದರೆ ಮೂರು ಶಾಖೆ. 2009ರಲ್ಲಿ ಯುರೋಪಿನ ನ್ಯಾಯಾಲಯ ಈ ಒಡೆತನದ ನಿಯಮವನ್ನು ಎತ್ತಿಹಿಡಿಯಿತು. ನಮ್ಮ ಸಂಘದವರು ಜರ್ಮನಿಯ ಉದಾಹರಣೆ ಕೇಳಿ ಖುಷಿಪಡುವ ಮುನ್ನ ಒಂದು ಮಾತು: ಅಲ್ಲಿ ಆ ರಕ್ಷಣೆ ಸಿಕ್ಕಿರುವುದು ಅಂಗಡಿಗಲ್ಲ, ಕೌಂಟರಿನಲ್ಲಿ ನಿಂತ ಫಾರ್ಮಸಿಸ್ಟ್‌ಗೆ.

ನಮ್ಮಲ್ಲಿ ಫಾರ್ಮಸಿಸ್ಟ್ ಎಲ್ಲಿದ್ದಾರೆ? 1948ರ ಫಾರ್ಮಸಿ ಕಾಯ್ದೆಯಿಂದ ಇಲ್ಲಿಯವರೆಗೆ ಕಾನೂನು ಕೇಳುವುದು ನೋಂದಾಯಿತ ಫಾರ್ಮಸಿಸ್ಟ್‌ನ ಕಣ್ಣೆದುರಿನ ಮಾರಾಟವನ್ನು. ಪ್ರಮಾಣಪತ್ರ ಮಾತ್ರ ಗೋಡೆಗೆ ತಗುಲಿಹಾಕಿ, ಅದರ ಒಡೆಯ ತಿಂಗಳಿಗಿಷ್ಟು ಎಂದು ತೆಗೆದುಕೊಂಡು ಬೇರೆಲ್ಲೋ ಇರುವ ಪದ್ಧತಿ ಈ ಸಭೆಯಲ್ಲಿ ಯಾರಿಗೂ ಹೊಸದಲ್ಲ. ಬಳ್ಳಾರಿಯ ಟಿವಿಎಂ ಫಾರ್ಮಸಿ ಕಾಲೇಜಿನಂಥ ಸಂಸ್ಥೆಗಳಲ್ಲಿ ಓದಿದ ಹುಡುಗ ಹುಡುಗಿಯರು ಹೊರಬರುವಾಗ ಅವರ ಮುಂದೆ ಎರಡು ದಾರಿಗಳಿರುತ್ತವೆ: ಸರಪಳಿಯ ಸಮವಸ್ತ್ರ ಹಾಕಿ ಸಂಬಳಕ್ಕೆ ನಿಲ್ಲುವುದು, ಇಲ್ಲವೇ ಪ್ರಮಾಣಪತ್ರವನ್ನು ಬಾಡಿಗೆಗೆ ಬಿಟ್ಟು ಬೇರೆ ಕೆಲಸ ನೋಡುವುದು. ಚಿಕ್ಕ ಅಂಗಡಿ ಅವರನ್ನು ಪಾಲುದಾರರನ್ನಾಗಿ ಕರೆದದ್ದು ಬಹಳ ಅಪರೂಪ. ಮೂರು ಬೇರೆ ಡಾಕ್ಟರ ಮೂರು ಚೀಟಿ ಇಟ್ಟುಕೊಂಡ ಅಜ್ಜನಿಗೆ ಎರಡು ಚೀಟಿಯಲ್ಲಿ ಒಂದೇ ಮದ್ದು ಬೇರೆ ಬೇರೆ ಹೆಸರಲ್ಲಿದೆ ಎಂದು ತೋರಿಸಿಕೊಡಲು ಓದಿದವರೇ ಬೇಕು. ರಿಯಾಯಿತಿಯಲ್ಲಿ ಸೋಲುವ ಅಂಗಡಿ ಗೆಲ್ಲಬಹುದಾದ ಜಾಗ ಅದು. ತಿಂಗಳ ಗಿರಾಕಿ ಅಲ್ಲಿ ನಿಲ್ಲುತ್ತಾನೆ.

ಗೋದಾಮಿನ ವಿಷಯದಲ್ಲೂ ದಾರಿ ಇಲ್ಲದಿಲ್ಲ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು, ಕಂಪ್ಲಿಯ ಅಂಗಡಿಗಳು ಸೇರಿ ಒಂದು ಸಗಟು ಲೈಸೆನ್ಸು ಪಡೆದು, ಬಳ್ಳಾರಿಯಲ್ಲಿ ಒಂದು ಗೋದಾಮು ಇಟ್ಟುಕೊಂಡು, ದಾಸ್ತಾನಿನ ಪಟ್ಟಿಯನ್ನು ಪರಸ್ಪರ ತೋರಿಸಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಒಟ್ಟಿಗೆ ಸೇರಿ ಬೆಲೆ ಕಟ್ಟುವುದು, ಇನ್ನೊಬ್ಬನಿಗೆ ಸರಕು ತಪ್ಪಿಸುವುದು ಅಪರಾಧ. ಒಟ್ಟಿಗೆ ಸೇರಿ ಕೊಳ್ಳುವುದು ವ್ಯಾಪಾರ. ಸಹಕಾರ ಸಂಘ ಕಟ್ಟಿ ಗೊಬ್ಬರ, ಬೀಜ ತರಿಸಿಕೊಂಡ ನೆಲವಿದು, ರೀತಿ ಗೊತ್ತಿಲ್ಲವೆನ್ನುವಂತಿಲ್ಲ. ಕಷ್ಟವಿರುವುದು ಬೇರೆ ಕಡೆ. ಒಂದೇ ಬೀದಿಯ ಇಬ್ಬರು ಅಂಗಡಿಯವರು ತಮ್ಮ ಖರೀದಿ ದರವನ್ನು ಪರಸ್ಪರ ತೋರಿಸಿಕೊಳ್ಳಲು ಒಪ್ಪುತ್ತಾರೆಯೇ? ಜಿಲ್ಲಾ ಸಂಘದ ಪದಾಧಿಕಾರಿಗಳಲ್ಲಿ ಸ್ಟಾಕಿಸ್ಟ್‌ಗಳೂ ಇರುವಾಗ ಆ ಪ್ರಸ್ತಾಪ ಸಭೆಯ ಕಾರ್ಯಸೂಚಿಗೆ ಬರುತ್ತದೆಯೇ? 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತಲ್ಲ, ಆಗ ಹಳೆಯ ದಾಸ್ತಾನಿನ ತೆರಿಗೆ ವ್ಯತ್ಯಾಸದ ಭಾರ ಯಾರ ತಲೆಗೆ ಎಂಬ ಪ್ರಶ್ನೆ ಎದ್ದಿತು. ಸರಪಳಿಗೆ ಅದು ಲೆಕ್ಕಪತ್ರ ವಿಭಾಗದ ಒಂದು ಕಡತ. ಚಿಕ್ಕ ಅಂಗಡಿಯವರು ಒಬ್ಬೊಬ್ಬರಾಗಿ ಸ್ಟಾಕಿಸ್ಟ್‌ಗೆ ಫೋನ್ ಮಾಡಬೇಕಾಯಿತು. ಒಟ್ಟಾಗಿ ಕೊಳ್ಳುವ ಸಂಘವೊಂದಿದ್ದರೆ ಒಂದೇ ಪತ್ರ ಸಾಕಿತ್ತು. ಅಂಥ ಸಂಘಕ್ಕೆ ಬಂಡವಾಳ ಎಷ್ಟು ಬೇಕು, ಯಾವ ಕಂಪನಿಗಳು ನೇರ ಸರಕು ಕೊಡಲು ಒಪ್ಪುತ್ತವೆ, ಉದ್ದರಿಯ ಮಿತಿ ಎಷ್ಟಿರಬೇಕು ಎಂಬುದನ್ನು ಈ ಸಭೆಯಲ್ಲಿರುವ ವಾಣಿಜ್ಯ ಮತ್ತು ಫಾರ್ಮಸಿ ವಿದ್ಯಾರ್ಥಿಗಳು ಒಂದು ಪ್ರಾಜೆಕ್ಟ್ ವರದಿಯಾಗಿ ಬರೆಯಲಿ ಎಂದು ಕೇಳಿಕೊಂಡು, ನನ್ನ ಮಾತು ನಿಲ್ಲಿಸುತ್ತೇನೆ.